ನೀಲಕ್ಕ ಮುರಿಯದ ಕೀಲಿ

ಫೈಲು ತಮ್ಮ ಹೆಸರಿನಲ್ಲಿರುವ ತನಕ ನೀಲಕ್ಕ ಚಹಾ ಕುಡಿಯುತ್ತಿರಲಿಲ್ಲ. ಚಹಾದವನು ಕಪ್ಪನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದ; ಅದು ಕೆನೆಗಟ್ಟಿ ಆರಿದರೂ ಅವರ ಕಣ್ಣು ಕಂಪ್ಯೂಟರ್ ಬಿಟ್ಟು ಸರಿಯುತ್ತಿರಲಿಲ್ಲ. ತಿದ್ದುವುದು ಮುಗಿದು, ಫೈಲನ್ನು ವಾಪಸ್ ಇಟ್ಟು, ತಮ್ಮ ಹೆಸರು ಹೋಯಿತೇ ಎಂದು ಎರಡು ಸಲ ನೋಡಿದ ಮೇಲೆಯೇ ಆ ತಣ್ಣನೆಯ ಚಹಾವನ್ನು ಔಷಧಿಯಂತೆ ಒಂದೇ ಗುಟುಕಿಗೆ ಮುಗಿಸುತ್ತಿದ್ದರು. "ಬಿಸಿ ಚಹಾ ನಾಳಿನೂ ಸಿಗತೈತಿ ತಮ್ಮಾ. ನಾ ಎದ್ದು ಹೋದ್ರ ಅಲ್ಲಿ ಸಿಂದಗ್ಯಾಗ ಒಬ್ಬಾಂವ ಕಾಯ್ಕೋತ ಕುಂಡರ್ತಾನ" ಎನ್ನುತ್ತಿದ್ದರು.

ಮೊಬೈಲು ಎಲ್ಲರ ಕಿಸೆಗೆ ಬಂದು, ಸಿಗ್ನಲ್ಲು ಇನ್ನೂ ಎಲ್ಲ ಊರಿಗೆ ಬಂದಿರದ ವರ್ಷಗಳವು. ನಮ್ಮದು ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಸಣ್ಣ ಸಂಸ್ಥೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಒಬ್ಬೊಬ್ಬರಂತೆ ನಾಲ್ಕು ಜನ ಇದ್ದೆವು. ಇಂಡಿ ನನ್ನ ಪಾಲಿಗೆ. ಊರೂರು ತಿರುಗಿ ಬೋರಿನ ನೀರನ್ನು ಬಾಟಲಿಗೆ ಹಿಡಿದು, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ, ಇದು ಕುಡಿಯುವ ನೀರು, ಇದು ಹಲ್ಲು ಕಂದಿಸಿ ಮೊಣಕಾಲು ಬಿಗಿಯುವ ನೀರು ಎಂದು ಬರೆಯುವುದು ಕೆಲಸ. ಪಟ್ಟಿಗಳೆಲ್ಲ ಇಂಟರ್ನೆಟ್ಟಿನಲ್ಲಿ ನಮಗೆಲ್ಲ ಸೇರಿದ ಒಂದೇ ಕಪಾಟಿನಲ್ಲಿರುತ್ತಿದ್ದವು. ಯಾವ ಊರಿನಿಂದಲಾದರೂ ತೆರೆದು ತಿದ್ದಬಹುದಿತ್ತು. ಬಾಗೇವಾಡಿಯ ಕಚೇರಿಯಲ್ಲಿ ಕೂತು ಆ ಕಪಾಟನ್ನು ಕಾಯುತ್ತಿದ್ದವರು ನೀಲಕ್ಕ. ವಯಸ್ಸು ಐವತ್ತು ದಾಟಿತ್ತು. ಪಿಯುಸಿ ಓದಿದ್ದರು, ಟೈಪಿಂಗ್ ಕಲಿತಿದ್ದರು. ಅವರೂ ಅಂಥದೇ ನೀರು ಕುಡಿದು ಬೆಳೆದವರು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿಯಬೇಕಿತ್ತು.

ಮೊದಮೊದಲು ನಾವು ಆ ಕಪಾಟಿಗೆ ಸಂತೆಯಲ್ಲಿ ಕೈ ಹಾಕಿದ ಹಾಗೆ ಕೈ ಹಾಕುತ್ತಿದ್ದೆವು. ಒಂದು ಮಧ್ಯಾಹ್ನ ಶಾಲೆಗಳ ಬೋರಿನ ಪಟ್ಟಿಯನ್ನು ನಾನು ಇಂಡಿಯಲ್ಲಿ, ಶರಣಪ್ಪ ಸಿಂದಗಿಯಲ್ಲಿ ಒಟ್ಟೊಟ್ಟಿಗೆ ತೆರೆದು ತಿದ್ದಿದೆವು. ಅವನು ನನಗಿಂತ ತಡವಾಗಿ ಉಳಿಸಿದ. ನಾನು ಬರೆದದ್ದೆಲ್ಲ ಅವನ ಪಟ್ಟಿಯ ಕೆಳಗೆ ಸಿಕ್ಕು ಅಳಿಸಿಹೋಯಿತು. ಇಬ್ಬರೂ ಫೋನಿನಲ್ಲೇ ಮೂರೂ ಬಿಟ್ಟು ಜಗಳಾಡಿದೆವು. ಮುಂದಿನ ಸಭೆಯಲ್ಲಿ ನೀಲಕ್ಕ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡರು.

"ಒಂದು ರೊಟ್ಟಿ ಹಿಟ್ಟಿಗೆ ಇಬ್ರು ನೀರು ಹಾಕಿದ್ರ ಏನಾಗ್ತೈತಿ?"

"ಅಂಬಲಿ ಆಗ್ತೈತ್ರಿ" ಎಂದ ಶರಣಪ್ಪ.

"ಹಂಗಾರ ಇನ್ನ ಮ್ಯಾಲ ಒಬ್ರ ಕೈ. ಎತ್ತಿದ ಕೈನ ಇಳಸಬೇಕು."

ಅಂದಿನಿಂದ ಚೆಕ್-ಔಟ್ ಮಾಡದೆ, ಅಂದರೆ ಮೊದಲು ತನ್ನ ಹೆಸರಿಗೆ ಎತ್ತಿಕೊಳ್ಳದೆ, ಯಾವ ಫೈಲನ್ನೂ ತಿದ್ದುವಂತಿರಲಿಲ್ಲ. ಒಬ್ಬ ಎತ್ತಿಕೊಂಡರೆ ಅದಕ್ಕೆ ಅವನ ಹೆಸರಿನ ಕೀಲಿ. ಉಳಿದವರು ಹಳೆಯ ಪ್ರತಿಯನ್ನು ಓದಬಹುದು, ಮುಟ್ಟುವಂತಿಲ್ಲ, ಹೊರಗಿನವರಿಗೆ ಕೊಡುವಂತೆಯೂ ಇಲ್ಲ. ಅವನು ಹೊಸದಾಗಿ ಬರೆದದ್ದು ಅವನು ವಾಪಸ್ ಇಟ್ಟ ಮೇಲೆಯೇ ಬೇರೆಯವರಿಗೆ ಕಾಣುವುದು. ಯಾರಾದರೂ ಮರೆತು ಹೋದರೆ ಕೀಲಿ ಮುರಿಯುವ ಅಧಿಕಾರ ನೀಲಕ್ಕನಿಗೊಬ್ಬರಿಗೇ ಇತ್ತು. ಆದರೆ ಮುರಿದರೆ ಕೈಗೆ ಸಿಗುವುದು ಹಳೆಯ ಪ್ರತಿಯೇ; ಮರೆತವನು ಬರೆದಿಟ್ಟದ್ದು ಹೋದಂತೆಯೇ ಲೆಕ್ಕ.

ಮರೆತವನು ನಾನೇ ಆದೆ. ಆ ಬೇಸಿಗೆಯಲ್ಲಿ ತಾಂಬಾ, ಸಾಲೋಟಗಿ ಸುತ್ತಿನ ಬೋರುಗಳನ್ನು ಮತ್ತೆ ನೋಡಿದಾಗ, ಮಳೆಗಾಲದಲ್ಲಿ ಚೆನ್ನಾಗಿದ್ದ ಹನ್ನೊಂದು ಬೋರುಗಳ ನೀರು ಕೆಟ್ಟಿತ್ತು. ಇಂಡಿಯ ಪಟ್ಟಿಯನ್ನು ಎತ್ತಿಕೊಂಡು ಅವನ್ನು ಬರೆಯುತ್ತ ಕೂತಿದ್ದೆ. ಮರುದಿನ ಹೆಂಡತಿಯ ತವರು ತಂಗಡಗಿಯಲ್ಲಿ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬಸ್ಸಿನ ಹೊತ್ತಾಯಿತೆಂದು ಉಳಿಸುವ ಗುಂಡಿಯನ್ನಷ್ಟೇ ಒತ್ತಿ ಓಡಿದೆ. ವಾಪಸ್ ಇಡಲಿಲ್ಲ. ಆ ವಿಚಾರ ತಲೆಯಲ್ಲೂ ಉಳಿಯಲಿಲ್ಲ.

ಕಾರ್ಯ ಮುಗಿದ ಮರುದಿನ ಮಾವನ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಮುದ್ದೇಬಿಹಾಳದಿಂದ ಬಂದ ಟಂಟಂ ಆಟೋ ಮನೆ ಮುಂದೆ ನಿಂತಿತು. ಅದರಿಂದ ಒಂದು ಕಾಲು, ಸ್ವಲ್ಪ ತಡೆದು ಇನ್ನೊಂದು ಕಾಲು ಇಳಿಸಿ ನೀಲಕ್ಕ ನಿಂತರು. ಸೆರಗು ಧೂಳಾಗಿತ್ತು.

"ತಮ್ಮಾ, ಇಂಡಿ ಪಟ್ಟಿ ನಿನ್ನ ಹೆಸರಿನ್ಯಾಗ ಐತಿ. ಫೋನ್ ಹಚ್ಚಿ ಹಚ್ಚಿ ಸಾಕಾತು, ಹತ್ತಲಿಲ್ಲ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಾರನೆಯ ಬೆಳಿಗ್ಗೆ ಇಂಡಿ ತಾಲ್ಲೂಕಿನ ಬೋರುಗಳಿಗೆ ಬಣ್ಣ ಬಳಿಯುವವರು ಹೊರಡುವವರಿದ್ದರು: ಕುಡಿಯುವ ನೀರಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಹಳೆಯ ಪಟ್ಟಿ ಅವರ ಕೈಗೆ ಹೋದರೆ ನನ್ನ ಹನ್ನೊಂದೂ ಬೋರುಗಳಿಗೆ ಹಸಿರು ಬೀಳುತ್ತಿತ್ತು. ಹಸಿರು ಕಂಡ ಮೇಲೆ ಜನ ನಿಶ್ಚಿಂತೆಯಿಂದ ಮಕ್ಕಳಿಗೆ ಅದನ್ನೇ ಕುಡಿಸುತ್ತಾರೆ.

"ಆಫೀಸಿನ್ಯಾಗ ಸಾಹೇಬ್ರು ಏನಂದ್ರಕ್ಕಾ?"

"ಕೀಲಿ ಮುರದು ಪಟ್ಟಿ ಕೊಡು ಅಂದ್ರು. ಅವನೇನು ಬರದಿರ್ತಾನ, ಆ ಪಟ್ಟಿ ತಿಂಗಳಾನುಗಟ್ಲೆ ಬದಲಾಗದ ಹಂಗ ಬಿದ್ದೈತಿ ಅಂದ್ರು. ಸಂಜಿಮಟ ತಡೀರಿ ಅಂತ ಹೇಳಿ ಬಸ್ ಹತ್ತಿದೆ."

ನಾನು ಏನು ಬರೆದಿದ್ದೆನೆಂದು ನೀಲಕ್ಕನಿಗೆ ಗೊತ್ತಿರಲಿಲ್ಲ. ಬರೆದಿದ್ದೆನೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ನೋಡಲು ಬಾರದ ಒಂದು ಹಾಳೆಗಾಗಿ ಆ ಮೊಣಕಾಲು ಕಟ್ಟಿಕೊಂಡು ಎರಡು ವಾಹನ ಬದಲಿಸಿ ಬಂದಿದ್ದರು. ನನಗೆ ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು, ಈಗಲೂ ಆಗುತ್ತದೆ. ಅತ್ತೆ ಹೋಳಿಗೆ ತಂದಿಟ್ಟರು. "ಕಟ್ಟಿ ಕೊಡ್ರಿ ವೈನಿ, ಆಮ್ಯಾಲ ತಿಂತೇನಿ" ಎಂದು ಮಗುವಿನ ತಲೆ ಮುಟ್ಟಿ, ನನ್ನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಮುದ್ದೇಬಿಹಾಳದ ಇಂಟರ್ನೆಟ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ನಾಲ್ಕಕ್ಕೆ ಬರುತ್ತದೆ ಎಂದ ಅಂಗಡಿಯವನು. ಹೊರಗಿನ ಬೆಂಚಿನ ಮೇಲೆ ಕೂತೆವು. ಐದಾದರೂ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಪಾಸ್‌ವರ್ಡ್ ಬರದು ಕೊಡ್ತೇನ್ರಿ. ಬಾಗೇವಾಡ್ಯಾಗ ಯಾರಿಗರೆ ಫೋನ್ ಮಾಡಿ ಹೇಳ್ರಿ, ಅವ್ರ ಇಳಸಲಿ."

"ಬ್ಯಾಡ. ಆ ಬೋರಿನ ನೀರು ಕಣ್ಣಿಲೆ ನೋಡಿದಾಂವ ನೀ. ಒಂದು ಅಂಕಿ ಹೆಚ್ಚುಕಮ್ಮಿ ಕಂಡ್ರ ಅವ್ರು ಯಾರನ್ನ ಕೇಳಬೇಕು?"

ಹಟಮಾರಿ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಐದೂವರೆಗೆ ಕರೆಂಟ್ ಬಂತು. ಪಟ್ಟಿ ತೆರೆದುಕೊಂಡಿತು. ನೀಲಕ್ಕ ಪಕ್ಕದ ಕುರ್ಚಿಯಲ್ಲಿ ಕೂತು, "ಊರ ಹೆಸರು ಓದು, ಅಂಕಿ ಓದು" ಎಂದರು. ಒಂದೊಂದಾಗಿ ಓದಿದೆ. ಹತ್ತು ಸರಿಯಾಗಿದ್ದವು. ಹನ್ನೊಂದನೆಯದರಲ್ಲಿ ಊರಿನ ಹೆಸರಷ್ಟೇ ಇತ್ತು. ಅವಸರದಲ್ಲಿ ಹೊಸ ಅಂಕಿಯನ್ನೇ ಬರೆದಿರಲಿಲ್ಲ. ಅದರ ಮುಂದೆ ಹಳೆಯ 'ಕುಡಿಯಲು ಯೋಗ್ಯ' ಹಾಗೆಯೇ ನಿಂತಿತ್ತು. ಬೇರೆ ಯಾರು ವಾಪಸ್ ಇಟ್ಟಿದ್ದರೂ ಅದು ಹಾಗೆಯೇ ಹೋಗುತ್ತಿತ್ತು. ಚೀಲದಲ್ಲಿದ್ದ ನೋಟುಬುಕ್ಕು ತೆಗೆದು ಅಂಕಿ ತುಂಬಿ, 'ಯೋಗ್ಯ'ವನ್ನು 'ಯೋಗ್ಯವಲ್ಲ' ಎಂದು ತಿದ್ದಿದೆ. ನೀಲಕ್ಕ ಅದನ್ನೂ ಇನ್ನೊಮ್ಮೆ ಓದಿಸಿದರು. ಫೈಲು ವಾಪಸ್ ಇಟ್ಟಾದ ಮೇಲೆ ಸಾಹೇಬರಿಗೆ ಫೋನ್ ಹಚ್ಚಿ, "ಈಗ ತಗೀರಿ ಸಾಹೇಬ್ರ, ಇಂಡಿ ಪಟ್ಟಿ ಬಂದೈತಿ" ಎಂದಷ್ಟೇ ಹೇಳಿದರು. ಆಮೇಲೆ ಅಂಗಡಿಯವನಿಗೂ ಒಂದು ಹೋಳಿಗೆ ಕೊಟ್ಟು, ತಾವೂ ತಿಂದರು.

ಬಣ್ಣದವರ ಜೊತೆ ನಾನೂ ಊರೂರು ಹೋದೆ. ಆ ಹನ್ನೊಂದನೆಯ ಊರಲ್ಲಿ ಕೆಂಪು ಹಚ್ಚುವಾಗ ಕೊಡ ಹೊತ್ತ ಮುದುಕಿಯೊಬ್ಬಳು ನನ್ನನ್ನು ಗುರುತು ಹಿಡಿದಳು.

"ಮಳಿಗಾಲದಾಗ ನೀನ ಅಲ್ಲೇನೋ ಇದು ಚಲೋ ಐತಿ ಅಂದಾಂವ?"

"ಹೌದವ್ವಾ, ನಾನ. ಈಗ ಕೆಟ್ಟೈತಿ. ಕುಡೀಬ್ಯಾಡ್ರಿ."

ಮುದುಕಿ ನನ್ನ ಮುಖ ನೋಡಿದಳು. ತುಂಬಿದ ಕೊಡವನ್ನು ಅಲ್ಲೇ ಹುಣಸೆ ಗಿಡದ ಬುಡಕ್ಕೆ ಸುರಿದು, ಊರಾಚೆಯ ಹಸಿರು ಬೋರಿನ ಕಡೆ ನಡೆದಳು. ಅಷ್ಟು ದೂರದ ದಾರಿ ಆಕೆಗೆ ಹೊಸ ಕಷ್ಟವೇ.

ವರ್ಷಗಳ ಮೇಲೆ ನೀಲಕ್ಕ ತೀರಿಕೊಂಡದ್ದನ್ನು ಶರಣಪ್ಪ ಫೋನಿನಲ್ಲಿ ಹೇಳಿದಾಗ ಮಣ್ಣು ಮಾಡಿ ವಾರವಾಗಿತ್ತು. ಅವರನ್ನು ನಾನು ಕೊನೆಯದಾಗಿ ಕಂಡದ್ದು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ. ಸಂಸ್ಥೆ ಮುಚ್ಚಿತ್ತು, ಅವರು ತಂಗಿಯ ಊರಿಗೆ ಹೊರಟಿದ್ದರು. ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಅಂದು ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತ ತಂಗಡಗಿಗೆ ಬಂದ್ರಿ. ನಾ ಆ ಪಟ್ಟಿಯೊಳಗ ಏನೂ ಬರದಿರಲಿಲ್ಲ ಅಂದಿದ್ರ? ಬರೇ ಎತ್ತಿಟ್ಟು ಮರತು ಹೋಗಿದ್ರ?"

ನೀಲಕ್ಕ ಬಸ್ಸಿನ ಬಾಗಿಲ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಮೊದಲ ಮೆಟ್ಟಿಲು ಹತ್ತಿದರು. ಅಲ್ಲೇ ನಿಂತು ಉಸಿರು ತೆಗೆದುಕೊಂಡು ತಿರುಗಿದರು.

"ಖಾಲಿ ಐತಿ ಅನ್ನೋದನ್ನೂ ನೀನ ಹೇಳಬೇಕಲ್ಲೋ ತಮ್ಮಾ. ಅದನ್ನ ಕೇಳಾಕ ಬಂದಿದ್ದೆ."