ಬೆನ್ನಿಗೆ ಅಂಟಿಸಿದ ಕಾಗದ

ಗೋಂದಣ್ಣನ ನಿಜವಾದ ಹೆಸರು ಲೈಬ್ರರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ನಲವತ್ತು ವರ್ಷದಿಂದ ಅಲ್ಲಿನ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ಮನುಷ್ಯ; ಬೆರಳಿನ ಮೇಲೆ ಗೋಂದು ಒಣಗಿ ಸದಾ ಸಿಪ್ಪೆ ಏಳುತ್ತಿತ್ತು. ಇದ್ದ ಹೆಸರಾದರೂ ಅಪ್ಪ ಅಮ್ಮ ಇಟ್ಟದ್ದಲ್ಲ. ಅನಾಥಾಲಯದ ವಾರ್ಡನ್ ಇಟ್ಟದ್ದು. ಅಂದಾಜು ವರ್ಷ ಹಾಕಿ, ಸೇರಿದ ದಿನವನ್ನೇ ಹುಟ್ಟಿದ ದಿನ ಎಂದು ಬರೆಸಿದವರೂ ಅವರೇ. "ನೀನು ಒಬ್ಬನೇ ಬಂದೋನು, ಹಿಂದೆ ಮುಂದೆ ಯಾರೂ ಇಲ್ಲ" ಎಂದು ಅವರು ಹೇಳಿದ್ದನ್ನು ಅವನು ಸರಿ ಎಂದು ಒಪ್ಪಿಕೊಂಡು, ಮದುವೆಯಾಗಿ, ಮಗಳನ್ನು ಓದಿಸಿ, ಅರವತ್ತನಾಲ್ಕು ವರ್ಷ ದಾಟಿದ್ದ.

ಅವನಿಗೆ ಜಂಬ ಅಂತ ಇದ್ದದ್ದು ಒಂದೇ. "ನನ್ನ ಬೈಂಡಿಂಗು ನನಗಿಂತ ಜಾಸ್ತಿ ದಿನ ಬಾಳುತ್ತೆ" ಎನ್ನುತ್ತಿದ್ದ. ಸುಳ್ಳಲ್ಲ. ಅವನ ಕೈ ಹತ್ತಿದ ಪುಸ್ತಕವನ್ನು ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟಾಗಬೇಕು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ, ಮೂವತ್ತು ವರ್ಷದ ಹಿಂದೆ ಅವನೇ ಕಟ್ಟಿದ್ದ ಪತ್ತೇದಾರಿ ಕಾದಂಬರಿಯೊಂದು ಬೆನ್ನು ಮುರಿದುಕೊಂಡು ರಿಪೇರಿಗೆಂದು ಅವನ ಮನೆಗೆ ವಾಪಸ್ ಬಂತು. ಜನ ಓದಿ ಓದಿ ಅದರ ಪ್ರಾಣ ತೆಗೆದಿದ್ದರು. ಗೋಂದಣ್ಣ ಕೆಟಲಿನ ಹಬೆಗೆ ಹಿಡಿದು ಬೆನ್ನಿನ ಬಟ್ಟೆಯನ್ನು ಮೆಲ್ಲಗೆ ಬಿಡಿಸಿದ. ಹೊಲಿಗೆ ಬಿಗಿಯಾಗಿ ನಿಲ್ಲಲೆಂದು ಆ ಬಟ್ಟೆಯ ಅಡಿಯಲ್ಲಿ ಎರಡು ಬೆರಳಗಲದ ಗಟ್ಟಿ ಕಾಗದ ಅಂಟಿಸಿರುತ್ತಾರೆ. ಅದಕ್ಕೆ ಹೊಸ ಕಾಗದ ಯಾರು ಹಾಕುತ್ತಾರೆ? ರದ್ದಿಯೇ ಸಾಕು. ಆ ರದ್ದಿಯ ಮೇಲೆ ಬಲಕ್ಕೆ ವಾಲಿದ ನೀಲಿ ಅಕ್ಷರ ಕಂಡವು. ಅಕ್ಷರ ತಿದ್ದಿಸಿದ ಕೈಯ ಬರಹವನ್ನು ಯಾರಾದರೂ ಮರೆಯುತ್ತಾರೆಯೇ? ವಾರ್ಡನ್ ಬರೆದದ್ದು.

ತಾರೀಖು, ಅವನು ಸೇರಿದ ದಿನದ್ದೇ. ಕೆಳಗೆ ಹೀಗಿತ್ತು: "ಗಂಡು ಮಗು, ಸುಮಾರು ಎರಡು ವರ್ಷ. ಎಡ ಹುಬ್ಬಿನ ಮೇಲೆ ಗಾಯ, ಇನ್ನೂ ಹಸಿ. ಜೊತೆಗೆ ಅಕ್ಕ, ಏಳು ವರ್ಷ. ಅವಳ ಹೆಸರು ಮತ್ತು ಒಯ್ದವರ ವಿಳಾಸ:"

ಗೋಂದಣ್ಣನ ಕೈ ತಾನಾಗಿ ಎಡ ಹುಬ್ಬಿಗೆ ಹೋಯಿತು. ಅಲ್ಲಿನ ಗೀಟನ್ನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದ. ಎಲ್ಲೋ ಬಿದ್ದಿರಬೇಕು ಅಂದುಕೊಂಡು ಸುಮ್ಮನಿದ್ದ.

ಮುಂದಿನ ಸಾಲು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅಕ್ಷರಗಳ ನೆತ್ತಿ ಮಾತ್ರ ಉಳಿದಿತ್ತು. ಬರೀ ತಲಕಟ್ಟುಗಳ ಸಾಲು. ಅದನ್ನು ಹೇಗೆ ಬೇಕಾದರೂ ಓದಬಹುದು, ಅಂದರೆ ಓದಲಿಕ್ಕೇ ಆಗುವುದಿಲ್ಲ. ಕತ್ತರಿಸಿದ್ದು ಎಷ್ಟು ನೇರ! ಹಾಗೆ ಅಳತೆಪಟ್ಟಿ ಹಿಡಿದು ಒಂದೇ ಎಳೆತಕ್ಕೆ ಕತ್ತರಿಸುವವನು ಆ ಊರಿನಲ್ಲಿ ಒಬ್ಬನೇ ಇದ್ದ.

ಎಲ್ಲ ನೆನಪಾಯಿತು. ಅನಾಥಾಲಯ ಕಟ್ಟಡ ಖಾಲಿ ಮಾಡಿದಾಗ ಹೊಸ ಮ್ಯಾನೇಜರು ಮೂರು ಮೂಟೆ ಹಳೇ ರಿಜಿಸ್ಟರು ಕರೆದು ಕೊಟ್ಟಿದ್ದರು. "ನೀನು ನಮ್ಮ ಹುಡುಗ ತಾನೇ, ತಗೊಂಡು ಹೋಗು, ಉಪಯೋಗಕ್ಕೆ ಬರುತ್ತೆ." ಎಂಥ ಗಟ್ಟಿ ಕಾಗದ ಎಂದು ಇವನು ಹಿಗ್ಗಿ ಹೊತ್ತು ತಂದಿದ್ದ. ಒಂದು ಸಾಲನ್ನೂ ಓದಿರಲಿಲ್ಲ. ರದ್ದಿ ಓದುತ್ತ ಕೂತರೆ ಕೆಲಸ ಮುಗಿದ ಹಾಗೇ ಎನ್ನುವುದು ಅವನು ಕಲಿತ ಪಾಠ. ತನ್ನ ಅಕ್ಕನನ್ನು ತನ್ನ ಕೈಯಾರೆ ಎರಡು ಬೆರಳಗಲ ಕತ್ತರಿಸಿ, ಗೋಂದು ಸವರಿ, ಯಾರ್ಯಾರದೋ ಪುಸ್ತಕದೊಳಗೆ ಹೂತುಬಿಟ್ಟಿದ್ದ.

ಅಕ್ಕ ಬದುಕಿದ್ದರೆ ಅರವತ್ತೊಂಬತ್ತು. ಸಮಯವಿಲ್ಲ. ಅವನು ಹಿಂದಿನ ರಟ್ಟಿನ ಒಳಮೂಲೆ ನೋಡಿದ. ಅಲ್ಲಿ ಅವನದೇ ಪೆನ್ಸಿಲ್ ಗುರುತು: ಹನ್ನೆರಡನೇ ಕಂತು. ಕಂತಿಗೆ ನಲವತ್ತು ಪುಸ್ತಕ. ಒಂದು ಹಾಳೆಯಿಂದ ಕತ್ತರಿಸಿದ ಪಟ್ಟಿಗಳೆಲ್ಲ ಒಂದೇ ಕಂತಿಗೆ ಹೋಗುತ್ತಿದ್ದವು. ಮೇಜಿನ ಮೇಲಿನ ಕೆಟಲ್ ಆರಿಸದೇ ಲೈಬ್ರರಿಗೆ ಓಡಿದ.

ಲೈಬ್ರರಿಯ ಮೇಡಂ ಆ ಕಂತಿನ ಪುಸ್ತಕಗಳ ಯಾದಿ ತೆಗೆದು ಬೆರಳಾಡಿಸಿದರು. "ಗೋಂದಣ್ಣ, ಇದರಲ್ಲಿ ಮೂವತ್ತು ಹೋದ ವರ್ಷವೇ ಪೇಪರ್ ಮಿಲ್ಲಿಗೆ ಹೋಯ್ತಲ್ಲ. ನೀವೇ ಬಂದು ಬಿಗಿಯಾಗಿ ಕಟ್ಟು ಕಟ್ಟಿಕೊಟ್ರಿ."

"ಒಂಬತ್ತು ಉಳಿದಿರಬೇಕಲ್ಲ ಮೇಡಂ?"

"ಇವೆ. ಯಾರೂ ಮುಟ್ಟದವು. ಹೊಸದರ ಹಾಗೇ ಇವೆ, ಅವನ್ನ ಯಾಕೆ ಬಿಚ್ಚಬೇಕು?"

ಅವನು ಕಾಗದದ ಪಟ್ಟಿಯನ್ನು ಅವರ ಮುಂದಿಟ್ಟ. ಓದಿದ ಮೇಡಂ ಅವನ ಹುಬ್ಬನ್ನೊಮ್ಮೆ ನೋಡಿ ಕಪಾಟಿನ ಬೀಗದ ಕೈ ತೆಗೆದರು. "ಸೋಮವಾರದೊಳಗೆ ಮತ್ತೆ ಕಟ್ಟಿ ತಂದುಬಿಡಿ" ಎಂದರು.

ಕೋಳಿ ಸಾಕಣೆ, ತೆರಿಗೆ ಕಾಯಿದೆ, ಜಮೀನು ಅಳತೆ, ಹಲ್ಲಿನ ಆರೈಕೆ. ಮೂವತ್ತು ವರ್ಷ ಒಬ್ಬನಾದರೂ ತಿರುಗಿ ನೋಡದ ಮಹಾಗ್ರಂಥಗಳು. ಮನೆಯ ನಡುಕೋಣೆಯಲ್ಲಿ ಅವನು ಒಂದೊಂದನ್ನೇ ಬಿಚ್ಚಿದ. ಹೆಂಡತಿ ಪಕ್ಕದಲ್ಲಿ ಕೆಟಲ್ ಹಿಡಿದು ಕೂತಳು. ಬಿಡಬೇಕಲ್ಲ! ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ. ತನ್ನದೇ ಬೈಂಡಿಂಗಿಗೆ ಅವನು ಬಾಯಿಗೆ ಬಂದಂತೆ ಬೈದ. ಮೊದಲ ಆರರಲ್ಲಿ ಬೇರೆ ಮಕ್ಕಳು ಸಿಕ್ಕರು. ಒಬ್ಬನಿಗೆ ಕೆಮ್ಮು, ಒಬ್ಬಳಿಗೆ ಮಾತು ಬಾರದು, ಯಾರದೋ ತಾಯಿ ಆಸ್ಪತ್ರೆಯಲ್ಲಿ. ಅವರನ್ನೂ ಹುಡುಕುವವರು ಎಲ್ಲಾದರೂ ಇರಬಹುದು ಎನಿಸಿ ಅವನು ಆ ಪಟ್ಟಿಗಳನ್ನು ರದ್ದಿಗೆ ಹಾಕದೇ ಬೇರೆ ಎತ್ತಿಟ್ಟ.

ಏಳನೆಯದು ಜಮೀನು ಅಳತೆ. ಅದರ ಬೆನ್ನಲ್ಲಿ ಅದೇ ಹಾಳೆ, ಅದೇ ಶಾಯಿ. ಆದರೆ ಮೊದಲ ಪಟ್ಟಿಯ ಕೆಳಗಿಟ್ಟರೆ ಅಂಚು ಕೂಡಲಿಲ್ಲ. ನಡುವಿನದು ಬಿಟ್ಟು ಅದರ ಮುಂದಿನದು ಸಿಕ್ಕಿತ್ತು.

"ಕರೆದುಕೊಂಡು ಹೋದ ಮೇಲೆ ಹುಡುಗ ಮೂರು ದಿನ ಊಟ ಮುಟ್ಟಲಿಲ್ಲ. ಗೇಟಿನ ಹತ್ತಿರವೇ ನಿಲ್ಲುತ್ತಾನೆ. ಅಕ್ಕ ಇದ್ದಳೆಂದು ಅವನಿಗೆ ಯಾರೂ ಹೇಳಕೂಡದು. ಮರೆಯಲಿ."

ಹೆಂಡತಿ ಜೋರಾಗಿ ಓದಿದವಳು ಕೊನೆಯ ಪದಕ್ಕೆ ದನಿ ಇಳಿಸಿದಳು. ಉಳಿದ ಎರಡು ಪುಸ್ತಕದಲ್ಲಿ ಏನೂ ಇರಲಿಲ್ಲ. ನಡುವಿನ ಪಟ್ಟಿ ಮಿಲ್ಲಿಗೆ ಹೋದ ಮೂವತ್ತರಲ್ಲಿ ಎಲ್ಲೋ ಇತ್ತು. ಈ ಹೊತ್ತಿಗೆ ಅರೆದು, ಕಲಸಿ, ಯಾವುದೋ ಅಂಗಡಿಯ ಪೊಟ್ಟಣವಾಗಿ ಕಸಕ್ಕೂ ಬಿದ್ದಿರಬೇಕು. ವಾರ್ಡನ್ ಸತ್ತು ಇಪ್ಪತ್ತು ವರ್ಷ. ಹೋಗಿ ಕೇಳೋಣ ಎಂದರೆ ಯಾರನ್ನು?

ಗೋಂದಣ್ಣ ಮೊದಲ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ತಲಕಟ್ಟುಗಳನ್ನೇ ನೋಡಿದ. ಹೆಸರಿಗೆ ಮೂರು ಅಕ್ಷರವೋ, ನಾಲ್ಕೋ. ಒಂದೊಂದೇ ಹೆಸರು ಬಾಯಲ್ಲಿ ಹೇಳಿ ನೋಡಿದ. ಎಲ್ಲವೂ ಹೊಂದುತ್ತಿದ್ದವು. ಊರಿನ ಹೆಣ್ಣುಮಕ್ಕಳ ಹೆಸರೆಲ್ಲ ಹೊಂದುತ್ತಿದ್ದವು. ಗಂಡ ಅಳುವುದನ್ನು ಹೆಂಡತಿ ಅಂದೇ ಮೊದಲು ನೋಡಿದ್ದು.

"ಬಿಡ್ರೀ" ಎಂದಳು ಅವನ ಬೆನ್ನು ಸವರುತ್ತ. "ಹೆಸರು ಸಿಕ್ಕಿದ್ರೂ ನೀವೇನು ಹೆಸರು ಹಿಡಿದು ಕರೀತಿದ್ರಾ? ದೊಡ್ಡೋಳು. ಅಕ್ಕ ಅಂತಾನೇ ತಾನೇ ಕರೀಬೇಕಿತ್ತು?"

ತರಕಾರಿಯವಳಿಗೆ, ಹಾಲಿನವಳಿಗೆ, ಬಸ್ಸಿನಲ್ಲಿ ಜಾಗ ಬಿಟ್ಟವಳಿಗೆ ಅವನು ಸಾವಿರ ಸಲ ಅಂದಿದ್ದ ಪದ. ಈಗ ಬಾಯಿ ತೆರೆದ, ಬರಲಿಲ್ಲ. ಎರಡು ಪಟ್ಟಿಗಳನ್ನೂ ನಡುವೆ ಎರಡು ಬೆರಳಗಲ ಜಾಗ ಬಿಟ್ಟು ಮೇಜಿನ ಮೇಲಿಟ್ಟ.

"ಕರೆಯೋದಕ್ಕೆ ಅಕ್ಕ ಅಂದ್ರೆ ಸಾಕು ಕಣೇ" ಎಂದ. "ಹುಡುಕೋದಕ್ಕೆ ಸಾಲಲ್ಲ."