ಚಿಪ್ ಆರಿಸಲು ಕಲಿಸಿದ ಮೇಡಂ

ಸೋಲ್ಡರ್ ಕರಗುವಾಗ ಏಳುವ ಆ ಹೊಗೆಯ ವಾಸನೆ... ಕಳೆದ ಭಾನುವಾರ ತಣಿಸಂದ್ರದ ನಮ್ಮ ಮನೆಯಲ್ಲಿ, ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ ಮಾಡಲು ಕುಳಿತಿದ್ದೆ. ಮೊದಲ ವೈರು ಬೆಸೆಯುತ್ತಿದ್ದಂತೆ ನಮ್ಮ ಪಾಲಿಟೆಕ್ನಿಕ್‌ನ ಲ್ಯಾಬ್ ಮೇಡಂ ನೆನಪಾದರು. ಜೊತೆಗೆ ಕಾಲೇಜಿನ ಮೇಲಿನ ಹಳೆಯ ಸಿಟ್ಟೂ ಬಂತು.

ಮೇಡಂ ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಾಂಟ್ರ್ಯಾಕ್ಟ್ ಮೇಲಿದ್ದವರು; ಪ್ರತಿ ವರ್ಷ ಹೊಸ ಆದೇಶ ಬಂದರೆ ಕೆಲಸ, ಇಲ್ಲವಾದರೆ ಇಲ್ಲ. ನಾವು ಪ್ರಾಜೆಕ್ಟಿಗೆಂದು ಇಂಟರ್ನೆಟ್ ನೋಡಿ ಯಾವುದೋ ದೊಡ್ಡ ಮೈಕ್ರೊಕಂಟ್ರೋಲರ್ ಚಿಪ್ಪಿನ ಹೆಸರು ಹೇಳಿದರೆ, ಟ್ಯಾಂಕ್ ತುಂಬಿದ್ದು ತಿಳಿಯೋದಕ್ಕೆ ರಾಕೆಟ್ ಬೇಕೇನಮ್ಮಾ ಎಂದು ಕಾಲೆಳೆಯುತ್ತಿದ್ದರು. ಆಮೇಲೆ ಅವರದೇ ಪರೀಕ್ಷೆ.

"ಇದು ಸುಟ್ಟೋದ್ರೆ ಸಂಜೆ ಒಳಗೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಇನ್ನೊಂದು ಸಿಗುತ್ತಾ? ಪ್ರೋಗ್ರಾಂ ಬರಿಯೋ ಸಾಫ್ಟ್‌ವೇರು ನಿಮ್ಮನೆ ಕಂಪ್ಯೂಟರಲ್ಲಿ ಓಡುತ್ತಾ? ಎರಡಕ್ಕೂ ಹೂಂ ಅಂದ್ರೆ ಮಾತ್ರ ತಗೊಳ್ಳಿ."

ಕಾಲೇಜಿನವರ ಆಯ್ಕೆಯೇ ಬೇರೆ. ಚಿಪ್ ಬಳಸುವುದನ್ನು ಕಲಿಸುವ ದುಬಾರಿ ಟ್ರೈನರ್ ಕಿಟ್‌ಗಳನ್ನು ತರಿಸಿ ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಅವುಗಳ ಸಾಫ್ಟ್‌ವೇರಿಗೆ ವರ್ಷ ವರ್ಷ ಲೈಸೆನ್ಸ್ ನವೀಕರಿಸಬೇಕು. ಅದೂ ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಆಯುಧಪೂಜೆಯ ದಿನ ಕುಂಕುಮ ಹಚ್ಚಿದ್ದು ಬಿಟ್ಟರೆ ಆ ಕಿಟ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಮಕ್ಕಳು ಕಲಿಯಲಿ ಎಂದು ತಂದದ್ದೋ, ಆರತಿ ಎತ್ತಲು ತಂದದ್ದೋ? ಮೇಡಂ ಮಾತ್ರ ತಲೆ ಕೆಡಿಸಿಕೊಳ್ಳದೆ, ಸುಲಭವಾಗಿ ಸಿಗುವ ಪುಟ್ಟ ಬೋರ್ಡ್‌ಗಳಲ್ಲೇ ನಮಗೆ ಕಲಿಸುತ್ತಿದ್ದರು.

ನಾವು ಕೊನೆಯ ವರ್ಷದಲ್ಲಿದ್ದಾಗ ಹೊರಗಿನಿಂದ ತಪಾಸಣೆಯ ತಂಡ ಬಂತು. ಆ ಬೆಳಿಗ್ಗೆ ಕಪಾಟು ತೆರೆದು ನೋಡಿದರೆ ಲೈಸೆನ್ಸ್ ಮುಗಿದುಹೋಗಿತ್ತು. ಒಂದು ಕಿಟ್ಟೂ ಕೆಲಸ ಮಾಡಲಿಲ್ಲ. ನಮ್ಮ ಬೋರ್ಡ್‌ಗಳನ್ನು ಕಿಟ್ಟಿನ ಪೆಟ್ಟಿಗೆಯೊಳಗೆ ಅಡಗಿಸಿ, ಕಿಟ್ಟೇ ಓಡುತ್ತಿದೆ ಎಂದು ತೋರಿಸಲು ದೀಪ ಮಿನುಗಿಸುವಂತೆ ಪ್ರಿನ್ಸಿಪಾಲರು ಮೇಡಂಗೆ ಹೇಳಿದರು. ಎಷ್ಟು ಸಲೀಸಾಗಿ ಹೇಳಿದರು! ಮೇಡಂ ಒಪ್ಪಲಿಲ್ಲ. ತಂಡದವರು ಒಳಗೆ ಬಂದಾಗ ನಮ್ಮ ಬೋರ್ಡ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಕಾಲೇಜಿನ ಕಿಟ್ ಕೆಲ್ಸ ಮಾಡ್ತಿಲ್ಲ ಸರ್. ಇವು ಮಾಡ್ತವೆ, ಮಕ್ಕಳೇ ಮಾಡಿದ್ದು ನೋಡಿ."

ಮುಂದಿನ ವರ್ಷದ ಆದೇಶ ಮೇಡಂಗೆ ಬರಲಿಲ್ಲ... ಕಾರಣ ಕೇಳಲು ಹೋದ ನಮ್ಮನ್ನು ಪ್ರಿನ್ಸಿಪಾಲರು, ಮೊದಲು ನಿಮ್ಮ ಅಂಕಪಟ್ಟಿಯ ಚಿಂತೆ ಮಾಡಿ ಎಂದು ಬೆದರಿಸಿ ಕಳಿಸಿದರು. ಮೋಸಕ್ಕೆ ಕೈ ಜೋಡಿಸದವರಿಗೆ ಮನೆಯ ದಾರಿ, ಮೋಸ ಮಾಡಲು ಹೇಳಿದವರಿಗೆ ಅದೇ ಕುರ್ಚಿ. ಎಂಥ ನ್ಯಾಯವಿದು? ಇವತ್ತಿಗೂ ಮೈ ಉರಿಯುತ್ತದೆ.

ಭಾನುವಾರ ಸಂಜೆ ಅವರೊಡನೆ ಮಾತಾಡಬೇಕೆನಿಸಿ, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಂಬರು ಕೇಳಿದೆ. ಗೆಳತಿಯೊಬ್ಬಳು ಕಾಲೇಜಿನವರು ಹೊರಡಿಸಿದ್ದ ಶ್ರದ್ಧಾಂಜಲಿಯನ್ನು ಹಾಕಿದಳು. ಮೇಡಂ ತೀರಿಕೊಂಡು ಕೆಲವು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಆಗಿರಲಿಲ್ಲ... ಫೋಟೊದ ಕೆಳಗೆ, ನಮ್ಮ ಸಂಸ್ಥೆಯಲ್ಲಿ ಸಾರ್ಥಕ ಸೇವೆ ಸಲ್ಲಿಸಿ ನಿವೃತ್ತರಾದ ನೆಚ್ಚಿನ ಶಿಕ್ಷಕಿ ಎಂದು ಬರೆದಿತ್ತು.

ಗುಂಪಿನಲ್ಲಿ ಒಬ್ಬೊಬ್ಬರೂ ಕೈಮುಗಿಯುವ ಚಿತ್ರ ಹಾಕತೊಡಗಿದರು. ನನಗೆ ಕೈ ಮುಗಿಯಲಾಗಲಿಲ್ಲ. ಕಣ್ಣೊರೆಸಿಕೊಂಡು ಒಂದೇ ಸಾಲು ಬರೆದೆ.

"ಮೇಡಂ ರಿಟೈರ್ ಆಗ್ಲಿಲ್ಲ, ಅವರನ್ನ ಕೆಲಸದಿಂದ ತೆಗೆದ್ರು."