ಬಣ್ಣ ಹಚ್ಚಿಕೊಂಡು ತಂತಿ ಕಾದದ್ದು

ನನ್ನ ಮುಖಕ್ಕೆ ಜೀವಮಾನದಲ್ಲಿ ಒಂದೇ ಸಲ ಬಣ್ಣ ಬಿದ್ದಿದೆ. ಆ ಬಣ್ಣದಲ್ಲಿ ನಾನು ಮಾಡಿದ್ದು ರಂಗದ ಹಿಂದೆ ಕುಳಿತು ತಂತಿ ಕಾಯುವ ಕೆಲಸ. ಈಗಲೂ ಯಾರಾದರೂ ನನ್ನನ್ನು ಹಳೆಯ ಕಲಾವಿದರು ಎಂದು ಪರಿಚಯ ಮಾಡಿಕೊಟ್ಟರೆ ಮೈ ಉರಿಯುತ್ತದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹಿಂದೂಪುರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಸಂಜೆ ಬಾಗಿಲು ಹಾಕಿದವನು ನೇರ ನಾಟಕದ ಸಂಘಕ್ಕೆ ಹೋಗುತ್ತಿದ್ದೆ. ಅಲ್ಲಿ ಮೇಷ್ಟರು, ಗುಮಾಸ್ತರು, ಬೆಲ್ಲದ ಮಂಡಿಯವರು ಎಲ್ಲ ಸೇರುತ್ತಿದ್ದರು. ನಾಟಕ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಅಧ್ಯಕ್ಷರು ಎಣ್ಣೆ ಗಿರಣಿಯ ಯಜಮಾನರು. ಪರದೆ, ಕಿರೀಟ, ಹಾರ್ಮೋನಿಯಂ ಅವರವಾದ್ದರಿಂದ ರಾಜನ ಪಾರ್ಟೂ ಅವರದೇ ಆಗಿತ್ತು. ನನಗೆ ವೇಷ ಕಟ್ಟುವ ಹುಚ್ಚು. ಪ್ರತಿ ನಾಟಕಕ್ಕೂ ನಾನು ಪಾರ್ಟು ಕೇಳುವುದು, ಅವರು ‘ನೋಡಾನ ಕಣಯ್ಯಾ’ ಅನ್ನುವುದು, ಕೊನೆಗೆ ನಾನು ಮೈಕಿನ ಕಂಬ ನೆಡುವುದು, ಇದೇ ನಡೆದುಕೊಂಡು ಬಂದಿತ್ತು.

ಆಗ ಪರದೆ ಇಳಿಸುವುದಕ್ಕೂ ದೀಪ ಕುಗ್ಗಿಸುವುದಕ್ಕೂ ಪ್ರಾಂಪ್ಟರು ಪಕ್ಕದ ಮರೆಯಿಂದ ಸೀಟಿ ಊದುತ್ತಿದ್ದರು. ಒಂದು ನಾಟಕದಲ್ಲಿ ಜನರ ನಡುವಿನಿಂದ ಯಾರೋ ಪೋಲಿ ಸೀಟಿ ಹೊಡೆದ. ಲೇಪಾಕ್ಷಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ನಾವೆಲ್ಲ ಮಾವ ಎಂದು ಕರೆಯುತ್ತಿದ್ದ ಮುದುಕರು ಪರದೆಯ ಹಗ್ಗ ಹಿಡಿದಿದ್ದರು. ಅವರು ಆ ಸೀಟಿಯನ್ನು ನಂಬಿ ಹಗ್ಗ ಬಿಟ್ಟುಬಿಟ್ಟರು. ಅಧ್ಯಕ್ಷರು ಪ್ರಾಣ ಬಿಡುವ ಮುಂಚೆಯೇ ನಾಟಕ ಮುಗಿದುಹೋಯಿತು. ಸಾಯುವಾಗ ಹಾಡಬೇಕಿದ್ದ ಪದ್ಯ ಅವರ ಗಂಟಲಲ್ಲೇ ಉಳಿಯಿತು.

ಮಾರನೆಯ ದಿನ ಅವರೇ ಅಂಗಡಿಗೆ ಬಂದರು. “ಏಮಯ್ಯಾ, ನಮ್ಮೋರು ಒಬ್ಬರಿಗೊಬ್ಬರು ಮರೇಲೇ ಮಾತಾಡ್ಕೊಳ್ಳಂಗೆ ಏನಾದ್ರೂ ಮಾಡ್ಬುಡು. ಮಾಡಿದ್ರೆ ಮುಂದಿನ ನಾಟಕದಾಗೆ ನಿಂಗೊಂದು ಪಾರ್ಟು.”

ಅಷ್ಟು ಮಾತು ನನಗೆ ಸಾಕಾಗಿತ್ತು. ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಮಿಲಿಟರಿಯವರು ಬಿಸಾಡಿದ ಹೆಡ್‌ಫೋನು, ಒಡೆದ ಟೆಲಿಫೋನುಗಳ ಮೈಕು ತಂದೆ. ಮುರಿದ ಕೊಡೆಯ ಕಡ್ಡಿ ಬಗ್ಗಿಸಿ ತಲೆಪಟ್ಟಿ ಮಾಡಿ, ಕಿವಿ ನೋಯದಂತೆ ಅವ್ವನ ಹಳೆ ಸೀರೆಯ ಚೂರು ಸುತ್ತಿದೆ. ಟಾರ್ಚಿನ ಸೆಲ್ಲುಗಳನ್ನು ಜೋಡಿಸಿ, ಪ್ರಾಂಪ್ಟರು, ಪರದೆಯ ಮಾವ, ದೀಪದವರು, ಎಲ್ಲರ ಕಿವಿಯನ್ನೂ ಒಂದೇ ಜೋಡಿ ತಂತಿಗೆ ಪೋಣಿಸಿದೆ. ಮೈಕಿನೊಳಗಿನ ಕರಿಪುಡಿ ಆಗಾಗ ಗಟ್ಟಿ ಕಟ್ಟಿ ಮೂಕವಾಗುತ್ತಿತ್ತು. ಎಲ್ಲಿ ತಟ್ಟಬೇಕು, ಎಷ್ಟು ತಟ್ಟಬೇಕು ಎಂಬುದು ನನ್ನ ಬೆರಳಿಗೆ ಮಾತ್ರ ಗೊತ್ತಿತ್ತು. ಮೊದಲ ಸಲ ಹಾಕಿಕೊಂಡ ಮಾವ ಹಿಂದೆ ಮುಂದೆ ತಿರುಗಿ ನೋಡಿ, “ಯಾರೋ ಕಿವಿಯೊಳಗೇ ಕುಂತವ್ರೆ ಕಣಪ್ಪ” ಅಂದರು.

ಅಧ್ಯಕ್ಷರು ಮಾತು ಉಳಿಸಿಕೊಂಡರು, ಅಥವಾ ಹಾಗೆಂದು ನಾನು ತಿಳಿದೆ. ಕಲ್ಯಾಣದುರ್ಗದಲ್ಲಿ ಆಡುವ ನಾಟಕದಲ್ಲಿ ನನಗೆ ದೂತನ ಪಾರ್ಟು ಬಂತು. ಯುದ್ಧಭೂಮಿಯಿಂದ ಓಡಿಬಂದು, ನಿನ್ನ ಮಗ ಸತ್ತ ಎಂದು ರಾಜನಿಗೆ ಹೇಳುವವನು. ಒಂದೇ ಮಾತು, ಆದರೆ ಉದ್ದನೆಯ ಮಾತು.

ಅದನ್ನು ಮನೆಯಲ್ಲಿ ದಿನಾ ಒಪ್ಪಿಸುತ್ತಿದ್ದೆ. ಅವ್ವ ಕಡಲೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಿವಿ ಮಾತ್ರ ಹಾವಿನದು. ಕೇಳಿ ಕೇಳಿ ಅವಳಿಗೇ ಅದು ಬಾಯಿಪಾಠವಾಯಿತು. “‘ಪ್ರಭೂ’ ಅಂದ್ಮೇಲೆ ಒಂದ್ ಉಸ್ರು ಬಿಡು. ಸಾವಿನ ಸುದ್ದಿ ತಂದೋನು ಗಡಗಡ ಹೇಳ್ಬುಡ್ತಾನಾ? ಬಾಯಿ ಬರಾಕಿಲ್ಲ ಅವನಿಗೆ” ಅಂದಳು. ಅಪ್ಪ ಸತ್ತ ಸುದ್ದಿಯನ್ನು ಅವಳಿಗೆ ಯಾರೋ ಹಾಗೆ ತಡವರಿಸಿ ಹೇಳಿದ್ದರು. ಅಂದಿನಿಂದ ‘ಪ್ರಭೂ’ ಆದ ಮೇಲೆ ಉಸಿರು ಬಿಟ್ಟೇ ಮುಂದಿನ ಮಾತು ಹೇಳಿದೆ.

ಅವ್ವನ ತವರು ಸೆಟ್ಟೂರು, ಕಲ್ಯಾಣದುರ್ಗಕ್ಕೆ ಹತ್ತಿರ. ಅಲ್ಲಿಯವರ ಬಾಯಲ್ಲಿ ನಾನು ವೈರು ಕಟ್ಟೋನು. “ನಾನೂ ಬತ್ತೀನಿ. ಈ ಕಣ್ಣು ಪೂರಾ ಹೋಗಾಕೆ ಮುಂಚೆ ನೀನು ವೇಸ ಕಟ್ಟಿದ್ದು ಒಂದ್ಸಲ ನೋಡ್ಬೇಕು” ಅಂದಳು. ತವರಿನವರನ್ನೆಲ್ಲ ಕಟ್ಟಿಕೊಂಡು ಬಂದೂ ಬಿಟ್ಟಳು.

ಕಲ್ಯಾಣದುರ್ಗದ ಬಯಲು ದೊಡ್ಡದು. ದೀಪದವರ ಅಟ್ಟಣೆ ರಂಗದಿಂದ ದೂರ. ನನ್ನ ತಂತಿ ಅಲ್ಲಿಗೆ ಒಂದೆಳೆಗೆ ಮಾತ್ರ ಸಾಲುತ್ತಿತ್ತು. ಟೆಲಿಗ್ರಾಫಿನವರು ಮಾಡುವಂತೆ ಎರಡನೆಯ ಎಳೆಯ ಕೆಲಸವನ್ನು ನೆಲಕ್ಕೇ ಒಪ್ಪಿಸಿದೆ. ಎರಡೂ ಕಡೆ ಕಬ್ಬಿಣದ ಗೂಟ ಹೊಡೆದೆ. ಒಣ ಮಣ್ಣಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಮಾವನ ಕೈಗೆ ಉಪ್ಪಿನ ಚೀಲ ಕೊಟ್ಟು, ಗೂಟದ ಬುಡಕ್ಕೆಲ್ಲ ಉಪ್ಪು ಸುರಿದು ನೀರು ಹೊಯ್ಯಲು ಹೇಳಿ ಬಣ್ಣಕ್ಕೆ ಕುಳಿತೆ.

ಊರೂರಿಗೆ ಹೋಗುವವರಿಗೆ ಕಡೇ ಬಸ್ಸು ತಪ್ಪಬಾರದೆಂದು ನಾಟಕ ಹೊತ್ತು ಮುಳುಗುವ ಮುಂಚೆಯೇ ಶುರುವಾಗಬೇಕಿತ್ತು. ಮೀಸೆ ಅಂಟಿಸಿ, ಪೇಟ ಕಟ್ಟಿ, ಕನ್ನಡಿ ನೋಡುತ್ತಿದ್ದೆ; ಅಷ್ಟರಲ್ಲಿ ತಂತಿ ಸತ್ತಿದೆ ಎಂದು ಪ್ರಾಂಪ್ಟರು ಬಂದರು. ಹೋಗಿ ನೋಡಿದರೆ ಗೂಟದ ಬುಡ ಬೂದಿಯಂತೆ ಒಣಗಿತ್ತು.

“ಉಪ್ಪೆಲ್ಲಿ ಮಾವ?”

“ಅಡಿಗೆಯೋರಿಗೆ ಕೊಟ್ಬುಟ್ಟೆ ಕಣಪ್ಪ. ಉಪ್ಪ ನೆಲಕ್ಕೆ ಸುರೀತಾರಾ ಯಾರಾದ್ರೂ? ಸತ್ತ ಮ್ಯಾಲೆ ಕಣ್ಣ ರೆಪ್ಪೇಲಿ ಆಯ್ಬೇಕಾಯ್ತದೆ.”

ಆ ಮುದುಕರನ್ನು ಏನೆಂದು ಬೈಯುವುದು? ನನ್ನ ಅವ್ವನೂ ಅದನ್ನೇ ಹೇಳಿ ಬೆಳೆಸಿದವಳು. ವೇಷದಲ್ಲೇ ಓಡಿ ಉಪ್ಪು ತಂದು ಸುರಿದು, ಕೊಡ ಎತ್ತಿ ನೀರು ಹೊಯ್ದೆ. ಆ ನೆಲ ಹೊಯ್ದಷ್ಟನ್ನೂ ಕುಡಿಯಿತು. ತಂತಿ ಜೀವ ಹಿಡಿಯಿತು, ಮತ್ತೆ ಬಿಟ್ಟಿತು. ನೀರು ಹೊಯ್ಯುತ್ತಾ, ಮೈಕು ತಟ್ಟುತ್ತಾ ಇದ್ದರೆ ಮಾತ್ರ ಕೇಳುತ್ತಿತ್ತು.

ಕಿರೀಟ ಹೊತ್ತ ಅಧ್ಯಕ್ಷರು ಬಂದು ನೋಡಿದರು. “ನೀನು ಇಲ್ಲೇ ಕೂಕೋ. ಇದನ್ನ ನೀನಲ್ದೆ ಇನ್ಯಾರು ನೋಡ್ತಾರೆ? ಆ ಪಾರ್ಟು ನಮ್ ಬಾಮೈದ ಮಾಡ್ತಾನೆ.”

“ಅವರಿಗೆ ಆ ಮಾತು ಬರಲ್ಲವಲ್ಲ ಸ್ವಾಮಿ. ನಮ್ಮವ್ವ ಬಂದವ್ಳೆ.”

“ನಿಂಗೆ ಬಾಯಿಪಾಠ ಐತಲ್ಲ. ಅವನ್ ಪೇಟದೊಳಗೆ ನಿನ್ನ ಹೆಡ್‌ಫೋನು ಇಡಾನ. ನೀನು ಇಲ್ಲಿಂದ ಹೇಳು, ಅವನು ಅಲ್ಲಿ ಹೇಳ್ತಾನೆ. ಚೆನ್ನಾಗೈತಲ್ಲ ಯೋಚನೆ?”

ನನ್ನ ಅಂಗಿ, ನನ್ನ ಪೇಟ, ನಾನೇ ಬಗ್ಗಿಸಿದ ಕೊಡೆಯ ಕಡ್ಡಿ, ಎಲ್ಲ ಆ ಬಾಮೈದನ ಮೈಮೇಲೆ ಹೋಯಿತು. ನನಗೆ ಉಳಿದದ್ದು ಮುಖದ ಬಣ್ಣ ಮತ್ತು ಅಂಟಿಸಿದ ಮೀಸೆ. ಓಡಿಬರಬೇಕಾದ ದೂತ ತಂತಿ ಕಿತ್ತುಬಂದೀತೆಂದು ಹೆದರಿ ಮದುವೆ ಹೆಣ್ಣಿನಂತೆ ನಡೆದು ಬಂದ.

ಒಂದು ಎಳೆ ಕಿತ್ತಿದ್ದರೆ ಸಾಕಿತ್ತು. ಬಾಮೈದ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ, ಅಧ್ಯಕ್ಷರ ಮಾನ ಕಲ್ಯಾಣದುರ್ಗದ ಬಯಲಲ್ಲಿ ಹರಾಜಾಗುತ್ತಿತ್ತು. ಕೈ ತಂತಿಯವರೆಗೂ ಹೋಗಿತ್ತು. ಆದರೆ ಅವ್ವ ಜನರ ನಡುವೆ ಕುಳಿತು ಆ ಮಾತಿಗೇ ಕಾಯುತ್ತಿದ್ದಳು. ಅದನ್ನು ಕೆಡಿಸಲು ನನ್ನಿಂದಾಗಲಿಲ್ಲ. ಮೈಕು ಬಾಯಿಗೆ ಹಿಡಿದು, ‘ಪ್ರಭೂ’ ಅಂದೆ. ಉಸಿರು ಬಿಟ್ಟೆ. ಮುಂದಿನದನ್ನು ಅವಳ ಎದುರು ನಿಂತಂತೆಯೇ ಹೇಳಿದೆ. ಬಾಮೈದ ಅಲ್ಲಿ ಆ ಉಸಿರನ್ನೂ ಸೇರಿಸಿ ಹಾಗೇ ಒಪ್ಪಿಸಿದ.

ಜನ ಚಪ್ಪಾಳೆ ತಟ್ಟಿದರು. ಅದು ನನ್ನ ಕಿವಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಬಂತು.

ನಾಟಕ ಮುಗಿದ ಮೇಲೆ ಅಧ್ಯಕ್ಷರು ಬಾಮೈದನನ್ನು ತಬ್ಬಿಕೊಂಡರು. ಆಮೇಲೆ ನನ್ನ ಬೆನ್ನು ತಟ್ಟಿ, “ಇನ್ಮೇಲೆ ಯಾರ್ ಬೇಕಾದ್ರೂ ಪಾರ್ಟು ಮಾಡ್ಬೋದು ಕಣಯ್ಯಾ, ನೀನೊಬ್ಬ ಇದ್ರೆ” ಅಂದರು. ಮನಸಾರೆಯೇ ಹೊಗಳಿದ್ದರು. ಆ ಹೊಗಳಿಕೆಯಷ್ಟು ನನ್ನನ್ನು ಯಾವ ಬೈಗುಳವೂ ಸುಟ್ಟಿಲ್ಲ. ಅಲ್ಲಿಗೆ ನಾನು ಪಾರ್ಟು ಕೇಳುವುದನ್ನು ಬಿಟ್ಟೆ.

ಅವ್ವ ತವರಿನವರ ಕೈ ಹಿಡಿದುಕೊಂಡು ರಂಗದ ಹಿಂದಕ್ಕೆ ಬಂದಳು. ನಡೆದದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೆನ್ನೆ ಸವರಿದಳು. ಬೆರಳಿಗೆ ಬಣ್ಣ ಹತ್ತಿತು. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು.

“ದೂರಕ್ಕೆ ಮುಖ ಸರಿಯಾಗಿ ಕಾಣ್ಲಿಲ್ಲ, ದನೀನೂ ಆ ಮೈಕಿನಾಗೆ ಬ್ಯಾರೆ ತರ ಇತ್ತು. ಬಣ್ಣ ಬಿದ್ರೆ ಹೆತ್ತೋಳಿಗೂ ಗುರ್ತು ಸಿಗಾಕಿಲ್ಲ ಅಂತಿದ್ರು ಇವ್ರು. ‘ಪ್ರಭೂ’ ಅಂದು ಉಸ್ರು ಬಿಟ್ಟೆ ನೋಡು, ಆಗ್ಲೇ ಎಲ್ರಿಗೂ ಹೇಳ್ದೆ, ಅವ್ನೇ ನನ್ ಮಗ ಅಂತ.”

“ಹೂಂ ಕಣವ್ವ” ಅಂದೆ.